ಸಹಿ ಯಾರದೋ, ಇಎಂಐ ನಮ್ಮದು

ಟೀಮಿನ ಹುಡುಗನೊಬ್ಬ ವಾರದಿಂದ ತಲೆ ತಿಂತಿದ್ದಾನೆ. ಜೇಮ್ಸ್ ಹೆಟ್‌ಫೀಲ್ಡ್ ಹೆಸರಿನ ಇಎಸ್‌ಪಿ ಸ್ನೇಕ್‌ಬೈಟ್ ತಗೊಳ್ಳಲೋ, ಜಾನ್ ಪೆಟ್ರೂಚಿಯ ಮ್ಯೂಸಿಕ್ ಮ್ಯಾನ್ ಮೆಜೆಸ್ಟಿಯೋ? ಎರಡೂ ಲಕ್ಷಗಟ್ಟಲೆ. 2011ರಲ್ಲಿ ಅರಮನೆ ಮೈದಾನದಲ್ಲಿ ಮೆಟಾಲಿಕಾ ನೋಡಿದ್ನಂತೆ, ಅದಕ್ಕೆ ಮನಸ್ಸು ಸ್ನೇಕ್‌ಬೈಟ್ ಕಡೆ. ನಾನೂ ನೋಡಿದ್ದೆ ಸ್ವಾಮಿ, ಅದೂ ಒಂದು ಕಾರಣವೇ?

ಸಂತೆಯಲ್ಲಿ ಎತ್ತು ಕೊಳ್ಳುವಾಗ ನಮ್ಮಪ್ಪ ಹಲ್ಲು ಎಣಿಸ್ತಿದ್ದರು, ಗೊರಸು ನೋಡ್ತಿದ್ದರು. ಯಾವ ಗೌಡರ ಕೊಟ್ಟಿಗೆಯದು ಅಂತ ಕೇಳ್ತಿರಲಿಲ್ಲ. ಸ್ನೇಕ್‌ಬೈಟ್‌ನ ಸ್ಕೇಲ್ 24.75 ಇಂಚು, ಬ್ರಿಜ್ ಅಲುಗಾಡದ್ದು, ಪಿಕಪ್ ಬ್ಯಾಟರಿಯಲ್ಲಿ ನಡೆಯುವ ಇಎಂಜಿ. ಮೆಜೆಸ್ಟಿಯದ್ದು 25.5 ಇಂಚು, ತೇಲುವ ಟ್ರೆಮೊಲೊ, ಡಿಮಾರ್ಜಿಯೊ ಪಿಕಪ್. ಶ್ರುತಿ ಇಳಿಸಿ ನುಡಿಸುವವನಿಗೆ ಉದ್ದ ಸ್ಕೇಲಿನಲ್ಲಿ ತಂತಿ ಬಿಗಿಯಾಗಿ ನಿಲ್ಲುತ್ತೆ. ಹಾಡಿಗೊಮ್ಮೆ ಶ್ರುತಿ ಬದಲಿಸುವವನಿಗೆ ತೇಲುವ ಬ್ರಿಜ್ ಬರೀ ತಲೆನೋವು. ನೀನು ಯಾವ ಪೈಕಿ ಅಂದ್ರೆ ಉತ್ತರವಿಲ್ಲ.

ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳಕೊಂಡ ಟೋನಿ ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡ್ಕೊಂಡ, ತೆಳು ತಂತಿ ಹಾಕಿದ, ಮುಂದೆ ಶ್ರುತಿಯನ್ನೂ ಇಳಿಸಿದ. ತನ್ನ ಕೈಗೆ ಗಿಟಾರನ್ನು ಒಗ್ಗಿಸಿಕೊಂಡ ಆಸಾಮಿ. ನಮ್ಮವರು ಇನ್ನೊಬ್ಬನ ಕೈಗೆ ಒಗ್ಗಿಸಿದ್ದನ್ನು ಸಾಲ ಮಾಡಿ ತರ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ನಿನ್ನೆ ರಾತ್ರಿ ಅವನ ಮೆಸೇಜು: 'ಸ್ನೇಕ್‌ಬೈಟೇ ಫೈನಲ್. ಕಪ್ಪೋ, ಬಿಳಿಯೋ?'