ಎಲ್ಲರೂ ಆಡಿಟರ್ ಅಲ್ಲ

ನಮ್ಮೂರು ತಿಪಟೂರಿನ ಕಡೆ. ಅಲ್ಲಿ ತೆರಿಗೆ ಕಾಗದ ಮುಟ್ಟುವವರೆಲ್ಲ ‘ಆಡಿಟರ್ರೇ’. ಸಿಎ ಓದಿದವರೂ ಆಡಿಟರ್, ಬಿ.ಕಾಂ. ಮುಗಿಸಿ ರಿಟರ್ನ್ ತುಂಬಿಕೊಡುವವರೂ ಆಡಿಟರ್. ಅಪ್ಪನ ಕಿರಾಣಿ ಅಂಗಡಿಗೂ ಹಾಗೇ ಒಬ್ಬ ಆಡಿಟರ್ ಇದ್ದರು. ವರ್ಷಕ್ಕೊಮ್ಮೆ ಬರ್ತಿದ್ರು, ಕಾಫಿ ಕುಡೀತಿದ್ರು, 1,500 ರೂಪಾಯಿ ತಗೊಂಡು ‘ಆಯ್ತು ಯಜಮಾನ್ರೇ, ಹಾಕಿದೀನಿ’ ಅಂತ ಹೋಗ್ತಿದ್ರು. ಅಪ್ಪನಿಗೆ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ನಿಜ ಹೇಳಬೇಕು ಅಂದ್ರೆ ನನಗೂ ಗೊತ್ತಿರಲಿಲ್ಲ. ಕೋಡ್ ಬರೆಯೋನು ನಾನು, ಅಪ್ಪನ ಪಾಸ್‌ವರ್ಡ್ ಯಾರ ಹತ್ರ ಇದೆ ಅಂತ ಒಂದು ದಿನವೂ ಕೇಳಿರಲಿಲ್ಲ.

2024ರ ಜೂನ್‌ನಲ್ಲಿ ಒಂದು ಮಧ್ಯಾಹ್ನ ಅಪ್ಪ ಫೋನ್ ಮಾಡಿದ್ರು. ಸಾಮಾನ್ಯವಾಗಿ ನಾನು ಆಫೀಸಲ್ಲಿರುವಾಗ ಅವರು ಮಾಡಲ್ಲ.

‘ಹೋಲ್‌ಸೇಲ್‌ನವರಿಗೆ ಕೊಟ್ಟ ಚೆಕ್ ವಾಪಸ್ ಬಂತು ಕಣೋ. ಬ್ಯಾಂಕಿಗೆ ಹೋದ್ರೆ, ಇನ್‌ಕಂ ಟ್ಯಾಕ್ಸ್‌ನವರು ಖಾತೆ ಹಿಡಿದಿಟ್ಟಿದಾರೆ ಅಂತಾರೆ.’

ಆ ರಾತ್ರಿ ಊರಿಗೆ ಹೋದೆ. ಪೋರ್ಟಲ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸೋಣ ಅಂದ್ರೆ ಒಟಿಪಿ ಯಾವುದೋ ಗೊತ್ತಿಲ್ಲದ ನಂಬರಿಗೆ ಹೋಗ್ತಾ ಇತ್ತು. ಅದು ಹಳೇ ಆಡಿಟರ್ ನಂಬರು. ಇಮೇಲ್ ಕೂಡ ಅವರದೇ. ಅವರು ಆ ಕೆಲಸ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಅಪ್ಪನ ಆಧಾರ್ ಒಟಿಪಿ ಹಾಕಿ ಒಳಗೆ ಹೋದೆ.

ಒಳಗೆ ಕಂಡಿದ್ದು ಇಷ್ಟು. 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾಯ್ತಲ್ಲ, ಆಮೇಲೆ ಅಪ್ಪ ಖಾತೆಗೆ 9 ಲಕ್ಷ ನಗದು ಕಟ್ಟಿದ್ದರು. ‘ಇದು ಎಲ್ಲಿಂದ ಬಂತು’ ಅಂತ ಇಲಾಖೆ ಹಲವು ಸಲ ಕೇಳಿದೆ. ಎಲ್ಲ ನೋಟಿಸೂ ಆ ಹಳೇ ಇಮೇಲಿಗೆ ಹೋಗಿವೆ. ಯಾರೂ ಉತ್ತರ ಕೊಟ್ಟಿಲ್ಲ. 2019ರ ಡಿಸೆಂಬರ್‌ನಲ್ಲಿ ಅಧಿಕಾರಿ ಸೆಕ್ಷನ್ 144ರ ಕೆಳಗೆ, ಅಂದ್ರೆ ಎದುರಿನವರು ಬರದೇ ಇದ್ದಾಗ ತಮಗೆ ತೋಚಿದಂತೆ ಮಾಡುವ ಆದೇಶ, ಬರೆದಿದ್ದಾರೆ. 9 ಲಕ್ಷವೂ ಲೆಕ್ಕವಿಲ್ಲದ ಹಣ. ಅಂಥ ಹಣಕ್ಕೆ ಆ ವರ್ಷದ ದರ ಸರ್‌ಚಾರ್ಜ್, ಸೆಸ್ ಸೇರಿ 77.25%. ತೆರಿಗೆ 6,95,250 ರೂಪಾಯಿ. ಅದರ ಮೇಲೆ ಬಡ್ಡಿ ಸೇರಿ 9 ಲಕ್ಷ 24 ಸಾವಿರ. ಆಮೇಲೆ ಕಟ್ಟದೇ ಇದ್ದಿದ್ದಕ್ಕೆ ತಿಂಗಳಿಗೆ 1% ಬಡ್ಡಿ. ನಾನು ನೋಡೋ ಹೊತ್ತಿಗೆ ಅದು 14 ಲಕ್ಷದ ಹತ್ತಿರ ಬಂದಿತ್ತು.

ಕಟ್ಟಿದ್ದ ಹಣಕ್ಕಿಂತ ಸಾಲ ದೊಡ್ಡದು! ಅಪ್ಪ ಸ್ಕ್ರೀನ್ ನೋಡಲಿಲ್ಲ. ‘ಅಂಗಡಿ ಮಾರಿಬಿಡೋಣ’ ಅಂದ್ರು. ಅಮ್ಮ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಮುಂದಿನ ಎರಡು ವಾರ ನಾನು ಮಾಡಿದ್ದು ಒಂದೇ ಕೆಲಸ, ಸರಿಯಾದ ಮನುಷ್ಯನನ್ನು ಹುಡುಕೋದು. ಮೂವರನ್ನು ಕಂಡೆ. ಆ ಮೂವರಿಂದ ಕಲಿತಿದ್ದನ್ನೇ ಇವತ್ತು ಬರೀತಾ ಇದೀನಿ.

ಮೊದಲನೆಯವರು

ಇನ್‌ಸ್ಟಾಗ್ರಾಂ ಜಾಹೀರಾತಿನಲ್ಲಿ ಸಿಕ್ಕಿದ್ದು. ‘ಟ್ಯಾಕ್ಸ್ ಸೆಟ್ಲ್‌ಮೆಂಟ್ ಎಕ್ಸ್‌ಪರ್ಟ್ಸ್’ ಅಂತ. ಫೋನಿನಲ್ಲೇ ಹೇಳಿದ್ರು: ‘14 ಲಕ್ಷವನ್ನ 3 ಲಕ್ಷಕ್ಕೆ ಇಳಿಸ್ತೀವಿ ಸರ್, ಗ್ಯಾರಂಟಿ. ಒಳಗೆ ನಮ್ಮವರು ಇದಾರೆ. ಉಳಿಸಿದ್ದರಲ್ಲಿ 20% ನಮ್ಮ ಫೀಸು, ಅರ್ಧ ಈಗಲೇ ಹಾಕಿ. ಪೋರ್ಟಲ್ ಪಾಸ್‌ವರ್ಡ್ ವಾಟ್ಸಾಪ್ ಮಾಡಿ.’ ಆದೇಶದ ಪ್ರತಿಯನ್ನೇ ಅವರು ಕೇಳಲಿಲ್ಲ.

ಭಯದಲ್ಲಿರೋನಿಗೆ ಈ ಮಾತು ಬಹಳ ಸಿಹಿ. ನಾನೂ ಯುಪಿಐ ಆ್ಯಪ್ ತೆರೆದಿದ್ದೆ, ಸುಳ್ಳು ಹೇಳಲ್ಲ. ಒಂದು ರಾತ್ರಿ ಕುಳಿತು ಓದಿದ ಮೇಲೆ ಅರ್ಥ ಆಯ್ತು. ಅಮೆರಿಕದಲ್ಲಿ ಕಟ್ಟಲಾಗದವರು ಕಡಿಮೆ ಮೊತ್ತಕ್ಕೆ ರಾಜಿ ಕೇಳುವ ‘ಆಫರ್ ಇನ್ ಕಾಂಪ್ರಮೈಸ್’ ಅಂತ ಒಂದು ದಾರಿ ಇದೆ. ನಮ್ಮಲ್ಲಿ ಸಾಮಾನ್ಯ ತೆರಿಗೆ ಬಾಕಿಗೆ ಅಂಥ ಕಾಯಂ ಬಾಗಿಲು ಇಲ್ಲ. ಆಗಾಗ ಸರ್ಕಾರವೇ ಯೋಜನೆ ತರುತ್ತೆ, 2020ರ ಮತ್ತು 2024ರ ‘ವಿವಾದ್ ಸೇ ವಿಶ್ವಾಸ್’ ಥರ. ಅದಕ್ಕೂ ನಿಯಮ, ಗಡುವು ಎಲ್ಲ ಇರುತ್ತೆ. ‘ಒಳಗೆ ನಮ್ಮವರು’ ಅನ್ನೋ ಮಾತು ಇನ್ನೂ ಪೊಳ್ಳು, ಯಾಕಂದ್ರೆ ಈಗ ಹೆಚ್ಚಿನ ವಿಚಾರಣೆ, ಮೇಲ್ಮನವಿ ಎಲ್ಲ ಮುಖರಹಿತ. ನಿಮ್ಮ ಫೈಲು ಯಾವ ಊರಿನ ಯಾರ ಮೇಜಿಗೆ ಹೋಯ್ತು ಅಂತ ನಿಮಗೆ ಗೊತ್ತಾಗಲ್ಲ.

ಇನ್ನೊಂದು ವಿಷಯ. ಫಲಿತಾಂಶದ ಮೇಲೆ ಶೇಕಡಾ ಲೆಕ್ಕದಲ್ಲಿ ಫೀಸು ತಗೊಳ್ಳೋದನ್ನ ಸಿಎಗಳ ಕಾಯ್ದೆಯೂ ವಕೀಲರ ನಡತೆ ನಿಯಮವೂ ಒಪ್ಪಲ್ಲ. ‘ಉಳಿಸಿದ್ದರಲ್ಲಿ ಇಷ್ಟು ಪಾಲು’ ಅಂದವರು ಆ ಎರಡೂ ಅಲ್ಲದವರು ಇರಬೇಕು, ಇಲ್ಲಾ ತಮ್ಮ ನಿಯಮವನ್ನೇ ಮುರಿಯೋರು ಇರಬೇಕು. ಸುಳ್ಳು ಡಿಡಕ್ಷನ್ ತೋರಿಸಿ ರೀಫಂಡ್ ಕೊಡಿಸೋ ಏಜೆಂಟರದೂ ಇದೇ ವರಸೆ. 2025ರ ಜುಲೈ 14ರಂದು ಇಲಾಖೆ ದೇಶದ 150 ಕಡೆ ಅಂಥವರ ಮೇಲೇ ಕಾರ್ಯಾಚರಣೆ ಮಾಡಿತು. ಏಜೆಂಟ್ ಏನೇ ತುಂಬಿರಲಿ, ಕೊನೆಗೆ ಉತ್ತರ ಕೊಡಬೇಕಾದವರು ಪ್ಯಾನ್ ಯಾರದೋ ಅವರೇ.

ಎರಡನೆಯವರು

ನಮ್ಮ ಆಫೀಸಿನ ಅರ್ಧ ಜನರ ರಿಟರ್ನ್ ಹಾಕೋ ಸಿಎ, ನನ್ನ ವಯಸ್ಸಿನವನೇ. ಆದೇಶವನ್ನ ಪೂರ್ತಿ ಓದಿದ. ಆಮೇಲೆ ಹೇಳಿದ: ‘ಮಗಾ, ನಾನು ರಿಟರ್ನ್ ಹಾಕೋನು. ಅಪೀಲು ನನ್ನ ಕೆಲಸ ಅಲ್ಲ. ನಿನ್ನ ಅಪ್ಪನ ಕೇಸಲ್ಲಿ ಪ್ರಯೋಗ ಮಾಡಲ್ಲ.’

ಆಗ ಬೇಜಾರಾಯ್ತು. ಈಗ ಅನ್ನಿಸೋದು, ಅವನು ಕೊಟ್ಟಿದ್ದು ಬಹಳ ದೊಡ್ಡ ಸಹಾಯ. ಫ್ರಂಟ್‌ಎಂಡ್ ಮಾಡೋನ ಕೈಗೆ ರಾತ್ರೋರಾತ್ರಿ ಡೇಟಾಬೇಸ್ ರಿಕವರಿ ಕೊಡ್ತೀವಾ? ಇದೂ ಹಾಗೇ. ಅವನು ಬಿಳಿ ಹಾಳೆ ಮೇಲೆ ಬರೆದುಕೊಟ್ಟಿದ್ದನ್ನ ನಿಮಗೂ ಕೊಡ್ತೀನಿ.

ಟಿಡಿಎಸ್ ಹೊಂದಿಲ್ಲ, ಚಲನ್ ಲೆಕ್ಕಕ್ಕೆ ಬಂದಿಲ್ಲ, ಕೂಡು-ಕಳೆ ತಪ್ಪು. ಇಂಥದ್ದಾದ್ರೆ ಸೆಕ್ಷನ್ 154ರ ತಿದ್ದುಪಡಿ ಅರ್ಜಿ ಸಾಕು. ರಿಟರ್ನ್ ಹಾಕೋ ಸಿಎ ಮಾಡ್ತಾರೆ, ಫಾರ್ಮ್ 26ಎಎಸ್ ಓದೋಕೆ ಬಂದ್ರೆ ನೀವೇ ಮಾಡಬಹುದು.

ನಿಮ್ಮ ಆದಾಯವನ್ನೇ ಅಧಿಕಾರಿ ಒಪ್ಪದೇ ಹೆಚ್ಚಿಸಿದ್ದರೆ ಮೇಲ್ಮನವಿ. ಡಿಮ್ಯಾಂಡ್ ನೋಟಿಸ್ ಸಿಕ್ಕ 30 ದಿನದೊಳಗೆ ಫಾರ್ಮ್ 35. ಸರ್ಕಾರಿ ಶುಲ್ಕ ಹೆಚ್ಚೆಂದರೆ 1,000 ರೂಪಾಯಿ. ಇದಕ್ಕೆ ಮೇಲ್ಮನವಿ ನಡೆಸಿ ಅಭ್ಯಾಸ ಇರೋ ಸಿಎ ಅಥವಾ ತೆರಿಗೆ ವಕೀಲರು ಬೇಕು.

ಲೆಕ್ಕ ಸರಿಯಾಗೇ ಇದೆ, ಕಟ್ಟೋಕೆ ದುಡ್ಡಿಲ್ಲ ಅಂದ್ರೆ ಜಗಳ ಬೇಡ. ಗಡುವು ಮುಗಿಯೋ ಮೊದಲೇ ಕಂತು ಕೇಳಿ ಅರ್ಜಿ ಕೊಡಬಹುದು. ನಿಜವಾದ ಕಷ್ಟ ಇದ್ದರೆ ತಡದ ಬಡ್ಡಿ ಮನ್ನಾ ಕೇಳೋಕೂ ದಾರಿ ಇದೆ.

ಪ್ರಾಸಿಕ್ಯೂಷನ್ ನೋಟಿಸ್ ಬಂದಿದೆ, ದಾಳಿ ಆಗಿದೆ, ಅಥವಾ ನೀವೇ ಬೇಕಂತ ಸುಳ್ಳು ತೋರಿಸಿದ್ದೀರಿ ಅಂದ್ರೆ ಮೊದಲು ವಕೀಲರ ಹತ್ರ. ಕಕ್ಷಿದಾರ ವಕೀಲರಿಗೆ ಹೇಳಿದ ಮಾತನ್ನ ಗೌಪ್ಯವಾಗಿಡುವ ರಕ್ಷಣೆ ಕಾನೂನಲ್ಲಿದೆ. ಸಿಎಗೆ ಹೇಳಿದ್ದಕ್ಕೆ ಆ ರಕ್ಷಣೆ ಇಲ್ಲ. ಇದು ನನಗೆ ಹೊಸ ವಿಷಯ.

(2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ನಂಬರ್‌ಗಳು ಬದಲಾಗಿವೆ. ಹಳೇ ವರ್ಷಗಳ ಕೇಸಿಗೆ ಹಳೇ ಕಾಯ್ದೆಯೇ. ನಾನು ಹೇಳ್ತಿರೋದು ಹಳೇ ನಂಬರ್‌ಗಳು.)

ಮೂರನೆಯವರು

ತುಮಕೂರಿನ ಒಬ್ಬ ಹಿರಿಯ ಸಿಎ ಮೇಡಂ. ಆ ಗೆಳೆಯನೇ ಹೆಸರು ಕೊಟ್ಟಿದ್ದು. ಹೋಗೋ ಮೊದಲು ಐಸಿಎಐ ವೆಬ್‌ಸೈಟಿನಲ್ಲಿ ಅವರ ಸದಸ್ಯತ್ವ ನೋಡಿಕೊಂಡೆ. ಸಣ್ಣ ಆಫೀಸು, ಕುರ್ಚಿ ಮೇಲೂ ಫೈಲು. ನಾನು ಪಿಡಿಎಫ್ ಎಲ್ಲ ಟ್ಯಾಬ್‌ನಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಅವರು ಅದನ್ನ ಪಕ್ಕಕ್ಕಿಟ್ಟು ಅಪ್ಪನ ಕಡೆ ತಿರುಗಿ ಕೇಳಿದ್ರು:

‘ಯಜಮಾನ್ರೇ, ಆ ವರ್ಷದ ಉದ್ರಿ ಪುಸ್ತಕ ಇದೆಯಾ?’

ಅಪ್ಪ ಎರಡು ವಾರದಲ್ಲಿ ಮೊದಲ ಸಲ ನೆಟ್ಟಗೆ ಕೂತ್ರು. ‘ಇದೆ ಮೇಡಂ, ಅಟ್ಟದ ಮೇಲಿದೆ.’ ಮಾತು ಹೊರಗೆ ಬಂತು. ನೋಟು ರದ್ದಾದ ವಾರ ಉದ್ರಿ ಬಾಕಿ ಇಟ್ಟವರೆಲ್ಲ ಹಳೇ ನೋಟು ಹಿಡ್ಕೊಂಡು ಬಂದು ಚುಕ್ತಾ ಮಾಡಿದ್ರಂತೆ. ವರ್ಷಗಟ್ಟಲೆ ಕೊಡದವರೂ ಅವತ್ತು ಸಾಹುಕಾರರು! ಅಪ್ಪ ಎಲ್ಲರ ಹೆಸರಿನ ಮುಂದೆ ಗೀಟು ಹಾಕಿ ಬರೆದಿಟ್ಟಿದ್ರು. ಇಷ್ಟು ದಿನ ನಾನು ಅವರನ್ನ ‘ಯಾಕೆ ನೋಡ್ಕೊಳ್ಳಲಿಲ್ಲ’ ಅಂತ ಮಾತ್ರ ಕೇಳಿದ್ದೆ. ‘ಎಲ್ಲಿಂದ ಬಂತು’ ಅಂತ ಕೇಳಿರಲಿಲ್ಲ.

ಮೇಡಂ ಯಾವ ಭರವಸೆಯನ್ನೂ ಕೊಡಲಿಲ್ಲ. ‘ಗೆಲ್ತೀವಿ ಅಂತ ಹೇಳಲ್ಲ. ನಾಲ್ಕು ವರ್ಷದ ಮೇಲೆ ತಡ ಆಗಿದೆ. ತಡ ಯಾಕಾಯ್ತು ಅಂತ ಮೊದಲು ಒಪ್ಪಿಸಬೇಕು. ಒಪ್ಪದಿದ್ದರೆ ಟ್ರಿಬ್ಯುನಲ್‌ವರೆಗೆ ನಾನು ಬರ್ತೀನಿ, ಹೈಕೋರ್ಟಿಗೆ ವಕೀಲರು ಬೇಕು.’ ಫೀಸನ್ನ ಒಂದೊಂದು ಹಂತಕ್ಕೂ ಬೇರೆ ಬೇರೆಯಾಗಿ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ರು. ಒಟ್ಟು 45 ಸಾವಿರ. ಪಾಸ್‌ವರ್ಡ್ ಕೇಳಲಿಲ್ಲ. ‘ಮೊಬೈಲ್, ಇಮೇಲ್ ನಿಮ್ಮದೇ ಹಾಕ್ಕೊಳ್ಳಿ. ನೋಟಿಸ್ ಬಂದ್ರೆ ನನಗಿಂತ ಮೊದಲು ನಿಮಗೆ ಗೊತ್ತಾಗಬೇಕು’ ಅಂದ್ರು.

ಆಮೇಲೆ ನಡೆದಿದ್ದು ಹೀಗೆ. ತಡಕ್ಕೆ ಕಾರಣ ವಿವರಿಸಿ ಅಫಿಡವಿಟ್ ಜೊತೆ ಮೇಲ್ಮನವಿ. ವಸೂಲಿಗೆ ತಡೆ ಕೊಡಿ ಅಂತ ಅಧಿಕಾರಿಗೆ ಇನ್ನೊಂದು ಅರ್ಜಿ. ಮೇಲ್ಮನವಿ ಇರೋವರೆಗೆ ವಿವಾದದ ಮೊತ್ತದ 20% ಕಟ್ಟಿದರೆ ಉಳಿದದ್ದಕ್ಕೆ ತಡೆ ಕೊಡೋ ಪದ್ಧತಿ 2017ರ ಜುಲೈನಿಂದ ಇದೆ. ಕಷ್ಟ ಇದ್ದರೆ ಇನ್ನೂ ಕಡಿಮೆ ಮಾಡಿ ಅಂತ ಕೇಳಬಹುದು. ನಾವು 1 ಲಕ್ಷ 85 ಸಾವಿರ ಕಟ್ಟಿದ್ವಿ, ನನ್ನ ಬೈಕ್‌ಗೆ ಅಂತ ಇಟ್ಟಿದ್ದ ದುಡ್ಡು. ಅಂಗಡಿ ಖಾತೆ ಬಿಡುಗಡೆ ಆಯ್ತು. ಹೋಲ್‌ಸೇಲ್‌ನವರಿಗೆ ಅಪ್ಪ ತಾವೇ ಹೋಗಿ ಹೊಸ ಚೆಕ್ ಕೊಟ್ಟು ಬಂದ್ರು.

2025ರಲ್ಲಿ ಮೇಲ್ಮನವಿಯ ಆದೇಶ ಬಂತು. ಸೆಕ್ಷನ್ 144ರ ಇಂಥ ಆದೇಶವನ್ನ ರದ್ದು ಮಾಡಿ ಮತ್ತೆ ಅಧಿಕಾರಿಗೇ ಕಳಿಸೋ ಅಧಿಕಾರ 2024ರ ಅಕ್ಟೋಬರ್ 1ರಿಂದ ಮೇಲ್ಮನವಿ ಆಯುಕ್ತರಿಗೆ ಸಿಕ್ಕಿದೆ. ನಮ್ಮದನ್ನೂ ಹಾಗೇ ವಾಪಸ್ ಕಳಿಸಿದ್ರು. ಗೆದ್ದಿಲ್ಲ, ಆದರೆ ಆ 14 ಲಕ್ಷ ಈಗ ತಲೆ ಮೇಲಿಲ್ಲ. ಹೊಸದಾಗಿ ವಿಚಾರಣೆ ನಡೀತಿದೆ. ಉದ್ರಿ ಪುಸ್ತಕದ ಪುಟಗಳು, ಖರೀದಿ ಬಿಲ್ಲು, ಆಗಿನ ವ್ಯಾಟ್ ರಿಟರ್ನ್ ಎಲ್ಲ ಅಪ್‌ಲೋಡ್ ಆಗಿವೆ. ಪೂರ್ತಿ ಒಪ್ಪದೇ ಒಂದಷ್ಟು ಕಟ್ಟಿ ಅನ್ನಬಹುದು. ಕಟ್ತೀವಿ.

ಯಾರ ಹತ್ರ ಹೋದರೂ ಇಷ್ಟು ಕೇಳಿ. ಸದಸ್ಯತ್ವ ಸಂಖ್ಯೆ ಏನು? ಇಂಥ ಮೇಲ್ಮನವಿ ಈ ಹಿಂದೆ ನಡೆಸಿದ್ದೀರಾ? ಉತ್ತರ ಬರೆಯೋರು ನೀವಾ, ನಿಮ್ಮ ಸಹಾಯಕರಾ? ಫೀಸು ಹಂತಕ್ಕೆ ಎಷ್ಟು, ಬರೆದು ಕೊಡ್ತೀರಾ? ಸೋತರೆ ಮುಂದೇನು? ಕೊನೇ ಪ್ರಶ್ನೆಗೆ ಉತ್ತರ ಇಲ್ಲದವರ ಹತ್ರ ಕಾಗದ ಕೊಡಬೇಡಿ. ಬಂದ ನೋಟಿಸೇ ನಿಜವಾ ಅನ್ನೋದನ್ನೂ ನೋಡಿ. ಅದರ ಮೇಲಿರೋ ಡಿಐಎನ್ ಸಂಖ್ಯೆಯನ್ನ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೇ ಪರೀಕ್ಷಿಸಬಹುದು.

ಹಳೇ ಆಡಿಟರ್ ಒಮ್ಮೆ ಸಂತೆಯಲ್ಲಿ ಸಿಕ್ಕಿದ್ರಂತೆ. ಅಪ್ಪ ಬೈಯಲಿಲ್ಲ. ‘ಅವನಿಗೂ ಆ ಇಮೇಲ್ ತೆಗೆಯೋಕೆ ಬರ್ತಿರಲಿಲ್ಲ ಕಣೋ’ ಅಂದ್ರು. ನನಗೆ ಬರ್ತಿತ್ತಲ್ಲ! ಅದೇ ಚುಚ್ಚೋದು.

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪ ಅಮ್ಮನ ಪ್ಯಾನ್ ಹಾಕಿ ಪೋರ್ಟಲ್‌ಗೆ ಹೋಗಿ. ಪ್ರೊಫೈಲ್‌ನಲ್ಲಿ ಯಾರ ಮೊಬೈಲ್ ಇದೆ, ಯಾರ ಇಮೇಲ್ ಇದೆ ನೋಡಿ. ಬೇರೆಯವರದಿದ್ದರೆ ಅವತ್ತೇ ಬದಲಾಯಿಸಿ. ಐದು ನಿಮಿಷದ ಕೆಲಸ.