ಮೊದಲ ಮೋಟಾರ್ ಸೈಕಲು ನಮ್ಮ ಕಾಲಳತೆಗೆ ಇರಲಿ



ಸಂಘದ ಕೆಲಸದ ಮೇಲೆ ನಾವು ನಾಶಿಕಕ್ಕೂ ಛತ್ರಪತಿ ಸಂಭಾಜಿನಗರಕ್ಕೂ ಆಗಾಗ ಹೋಗಿ ಬರುತ್ತೇವೆ. ಔರಂಗಾಬಾದ್ ಎಂದಿದ್ದ ಊರಿಗೆ 2023ರಲ್ಲಿ ಹೊಸ ಹೆಸರು ಬಂತು. ಅಲ್ಲಿ ದುಡಿಯುವ ನಮ್ಮವರ ಪಾಡು ಮಾತ್ರ ಹಳೆಯದೇ. ಹೋಟೆಲಿನ ಹುಡುಗರಾಗಲಿ, ಸಾತಪುರ, ಅಂಬಡ, ವಾಳೂಜಿನ ಕಾರ್ಖಾನೆಗಳ ಹುಡುಗರಾಗಲಿ, ಸಂಬಳ ರಜೆಗಳ ಮಾತು ಮುಗಿದ ಮೇಲೆ ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಯಾವ ಗಾಡಿ ತೆಗೆದುಕೊಳ್ಳಲಿ?"

ಇದು ಷೋಕಿಯ ಪ್ರಶ್ನೆಯೆಂದು ನಗುವ ಹಿರಿಯರಿದ್ದಾರೆ. ನಾವು ನಗಲಾರೆವು. ಹೋಟೆಲಿನ ಅಟ್ಟದ ಮೇಲೆ ಅಕ್ಕಿ ಮೂಟೆಗಳ ಪಕ್ಕದಲ್ಲಿ ಮಲಗಿ ಬೆಳೆದವರು ನಾವು. ಅಲ್ಲಿ ಮಲಗುವವನನ್ನು ಧಣಿ ಬೆಳಗಿನ ನಾಲ್ಕಕ್ಕೂ ಎಬ್ಬಿಸಬಹುದು, ರಾತ್ರಿ ಒಂದಕ್ಕೂ ಕರೆಯಬಹುದು. ಬಾಗಿಲು ಹಾಕಿದ ಮೇಲೆ ಸಿಟಿ ಬಸ್ಸು ಸಿಗದು. ರಿಕ್ಷಾಕ್ಕೆ ಕೊಟ್ಟರೆ ಅಂದಿನ ಕೂಲಿಯಲ್ಲಿ ಉಳಿಯುವುದೇನು? ಒಂದು ಗಾಡಿ ಇದ್ದರೆ ಊರ ಹೊರಗೆ ಅಗ್ಗದ ಕೋಣೆ ಹಿಡಿಯಬಹುದು, ಹೆಂಡತಿ ಮಕ್ಕಳನ್ನು ಕರೆತರಬಹುದು, ಕೆಲಸ ಮುಗಿಸಿ ಮನೆಗೆ ಹೋಗುವ ಮನುಷ್ಯನಾಗಬಹುದು. ಆದುದರಿಂದಲೇ ಈ ಕೊಳ್ಳುವಿಕೆ ತಪ್ಪಬಾರದು.

ಒಮ್ಮೆ ತಪ್ಪಿತು. ಆ ತಪ್ಪಿನಲ್ಲಿ ನಮ್ಮದೂ ಪಾಲಿದೆ. ನಾಶಿಕದಲ್ಲಿ ಕುಂದಾಪುರದ ಕಡೆಯ ಹುಡುಗನೊಬ್ಬ ಲೋಟ ತೊಳೆಯುವ ಕೆಲಸದಿಂದ ಸಪ್ಲಯರ್ ಆದ. ಆ ಸಂತೋಷಕ್ಕೆ ಹಳೆಯದೊಂದು ಭಾರಿ ಗಾಡಿ ನೋಡಿದ. "ಊರಿಗೆ ಫೋಟೋ ಕಳಿಸುವುದಾದರೆ ಇಂಥದ್ದೇ ಬೇಕು ಅಣ್ಣಾ" ಎಂದ. ನಾವು ಬೆನ್ನು ತಟ್ಟಿ ಸಾಲಕ್ಕೆ ಜಾಮೀನು ಸಹಿ ಹಾಕಿದೆವು. ಲೈಸೆನ್ಸು ಇದೆಯೇ ಎಂದು ಕೇಳಲಿಲ್ಲ, ಕಾಲು ನೆಲಕ್ಕೆ ಎಟುಕುತ್ತದೆಯೇ ಎಂದು ನೋಡಲಿಲ್ಲ. ಒಂದು ತಿಂಗಳೊಳಗೆ, ರಾತ್ರಿ ಕೆಲಸ ಮುಗಿಸಿ ಹೊರಟವನು ದ್ವಾರಕಾ ಚೌಕದ ಬಳಿ ಗಾಡಿ ನಿಲ್ಲಿಸಹೋಗಿ ತುದಿಗಾಲು ಜಾರಿ ಬಿದ್ದ. ಯಾರೂ ಗುದ್ದಲಿಲ್ಲ, ವೇಗವೂ ಇರಲಿಲ್ಲ. ಗಾಡಿಯ ಭಾರ ಕಾಲ ಮೇಲೆ ಬಿದ್ದು ಮೂಳೆ ಮುರಿಯಿತು. ಮೂರು ತಿಂಗಳು ಕೆಲಸವಿಲ್ಲ, ಸಂಬಳವಿಲ್ಲ. ಕಂತು ಮಾತ್ರ ನಿಲ್ಲಲಿಲ್ಲ. ಗಾಡಿ ಇನ್ನೂ ಹಳೆಯ ಮಾಲೀಕನ ಹೆಸರಿನಲ್ಲೇ ಇತ್ತು. ಅಗ್ಗದ ಆಸೆಗೆ ಬಿದ್ದು ಮುಗ್ಗಿದ ಜೋಳ ಕೊಂಡಂತಾಯಿತು.

ಅಂದಿನಿಂದ ನಾವು ಕೇಳಿದವರಿಗೆಲ್ಲ ಹೇಳುವುದು ಇಷ್ಟೇ: ನೋಡುವವರ ಕಣ್ಣಿಗಾಗಿ ಗಾಡಿ ಕೊಳ್ಳಬೇಡಿ, ನಿಮ್ಮ ಕಾಲು, ನಿಮ್ಮ ಕೈ, ನಿಮ್ಮ ಸಂಬಳ ಈ ಮೂರೂ ಹಿಡಿದು ನಿಲ್ಲಿಸಬಲ್ಲ ಗಾಡಿ ಕೊಳ್ಳಿ.

ಕಾಲಿನ ಮಾತು ಮೊದಲು. ಸೀಟಿನ ಮೇಲೆ ಕುಳಿತು ಎರಡೂ ಪಾದ ನೆಲಕ್ಕೆ ಚೆನ್ನಾಗಿ ಊರಬೇಕು. 100 ಸಿಸಿಯ ಸ್ಪ್ಲೆಂಡರ್ ಸುಮಾರು 112 ಕಿಲೋ ತೂಗುತ್ತದೆ. 350 ಸಿಸಿಯ ಬುಲೆಟ್ಟು 190 ಕಿಲೋ ದಾಟುತ್ತದೆ. ಓಡುವಾಗ ಈ ವ್ಯತ್ಯಾಸ ತಿಳಿಯದು. ಸಿಗ್ನಲಿನಲ್ಲಿ ನಿಂತಾಗ, ಗಲ್ಲಿಯಲ್ಲಿ ತಿರುಗಿಸುವಾಗ, ದಣಿದ ಮೈಯಲ್ಲಿ ಸ್ಟ್ಯಾಂಡ್ ಹಾಕುವಾಗ ತಿಳಿಯುತ್ತದೆ. ಹೊಸಬನಿಗೆ 100ರಿಂದ 125 ಸಿಸಿ ಧಾರಾಳ. ವಾಳೂಜಿನಲ್ಲಿ 1985ರಿಂದ ಬಜಾಜ್ ಕಾರ್ಖಾನೆ ಇದೆ. ಅಂಥ ಊರಿನಲ್ಲೂ ಪಾಳಿ ಬಿಡುವ ಹೊತ್ತಿಗೆ ರಸ್ತೆ ಬದಿ ನಿಂತು ನೋಡಿ, ದುಡಿಯುವವರ ಕೆಳಗೆ ಹೆಚ್ಚಾಗಿ ಇರುವುದು ಚಿಕ್ಕ ಗಾಡಿಗಳೇ. ನಮ್ಮ ಹಿರಿಯರಿಗೆ ಮೈಸೂರಿನ ಜಾವಾ, ಯೆಜ್ದಿಗಳ ಮೇಲೆ ಇಂದಿಗೂ ಪ್ರೀತಿ. ನಮಗೂ ಅಭಿಮಾನವೇ. ಆದರೆ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಕಾಲದ ಗಾಡಿಯ ಬಿಡಿಭಾಗ ಹುಡುಕುತ್ತ ಅಲೆಯುವುದು ಪಾಳಿಯ ಕೆಲಸಗಾರನಿಗೆ ಆಗುವ ಮಾತಲ್ಲ.

ಇನ್ನು ಸಂಬಳ. "ಬಡ್ಡಿ ಬರೀ ಹತ್ತು ಪರ್ಸೆಂಟ್" ಎಂದಾಗ ಅದು ಫ್ಲಾಟೋ, ಇಳಿಯುವ ಬಾಕಿಯ ಮೇಲೋ ಎಂದು ಕೇಳಿ. 80,000 ರೂಪಾಯಿ ಸಾಲಕ್ಕೆ ಫ್ಲಾಟ್ ಹತ್ತರಂತೆ ಮೂರು ವರ್ಷಕ್ಕೆ 24,000 ಬಡ್ಡಿ. ತಿಂಗಳ ಕಂತು ಸುಮಾರು 2,890. ತಿಂಗಳು ತಿಂಗಳು ಅಸಲು ತೀರುತ್ತಿದ್ದರೂ ಬಡ್ಡಿ ಪೂರ್ತಿ ಮೊತ್ತದ ಮೇಲೆಯೇ ನಡೆಯುವುದರಿಂದ, ನಿಜವಾದ ದರ ಹದಿನೆಂಟರ ಹತ್ತಿರ ಬೀಳುತ್ತದೆ. ಮೇಲೆ ಪೆಟ್ರೋಲು: ದಿನಕ್ಕೆ 20 ಕಿಲೋಮೀಟರ್ ಓಡಿದರೆ ತಿಂಗಳಿಗೆ ಹತ್ತು ಲೀಟರ್ ಬೇಕು, ಅದೇ ಸಾವಿರ ದಾಟಿತು. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಐ.ಎಸ್.ಐ. ಗುರುತಿನ ಹೆಲ್ಮೆಟ್ಟು, ಲೈಸೆನ್ಸು, ವಿಮೆ ಇವುಗಳ ಹಣ ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಗಾಡಿ ನೋಡಿ. ನಮ್ಮವರು ಮಾಡುವುದು ಇದರ ತಿರುವುಮುರುವು.

ಕಾಗದದ ವಿಷಯದಲ್ಲಿ ಸಂಕೋಚ ಬೇಡ. ಕಲಿಯುವವರ ಲೈಸೆನ್ಸು ಆರು ತಿಂಗಳು ನಡೆಯುತ್ತದೆ. ಸಿಕ್ಕಿದ 30 ದಿನಗಳ ಮೇಲೆ ಪರೀಕ್ಷೆಗೆ ಹೋಗಬಹುದು. ಊರಿನ ವಿಳಾಸದ ಮೇಲೆ ಪಡೆದ ಪೂರ್ಣ ಲೈಸೆನ್ಸು ನಾಶಿಕದಲ್ಲೂ ನಡೆಯುತ್ತದೆ. ಗಾಡಿಯ ಮಾತು ಬೇರೆ: ಊರಿಂದ ತಂದ ಕೆಎ ನಂಬರಿನ ಗಾಡಿ ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದರೆ ಇಲ್ಲಿಯ ನೋಂದಣಿ ಮಾಡಿಸಬೇಕು. ಹಳೆಯ ಗಾಡಿ ಕೊಳ್ಳುವಾಗ 29 ಮತ್ತು 30ನೆಯ ನಮೂನೆಗಳಿಗೆ ಮಾರುವವನ ಸಹಿ, ಸಾಲವಿದ್ದರೆ ತೀರಿದ್ದಕ್ಕೆ 35ನೆಯ ನಮೂನೆ ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ. ಮಾಲೀಕ ಸವಾರನಿಗೆ 15 ಲಕ್ಷದ ಅಪಘಾತ ವಿಮೆ ಉಂಟು, ಆದರೆ ಲೈಸೆನ್ಸು ಇಲ್ಲದವನಿಗೆ ಅದು ಸಿಗದು. ಅವನು ಬೇರೆಯವರಿಗೆ ಗುದ್ದಿದರೆ ಕಂಪನಿ ಪರಿಹಾರ ಕೊಟ್ಟು ಆಮೇಲೆ ಗಾಡಿಯ ಮಾಲೀಕನಿಂದ ವಸೂಲು ಮಾಡಬಹುದು. ಪೊಲೀಸರ ದಂಡ ಇದರ ಮುಂದೆ ಚಿಲ್ಲರೆ.

ಗಾಡಿ ಮನೆಗೆ ಬಂದ ದಿನ ನಿಂಬೆಹಣ್ಣು ಇಡುತ್ತೇವೆ, ಸ್ಪ್ಯಾನರು ಹಿಡಿಯುವುದಿಲ್ಲ. ಅಂಗಿಯನ್ನು ಮೈಗೆ ಹೊಲಿಸುವಂತೆ ಗಾಡಿಯನ್ನೂ ಮೈಗೆ ಹೊಂದಿಸಬೇಕು. ಸೀಟಿನಲ್ಲಿ ಕುಳಿತು ಬೆರಳು ಚಾಚಿದರೆ ಮಣಿಕಟ್ಟು ಮಡಿಯದೆ ಬ್ರೇಕು, ಕ್ಲಚ್ಚುಗಳ ಮೇಲೆ ಬೀಳಬೇಕು. ಬೀಳದಿದ್ದರೆ ಲಿವರಿನ ಬೋಲ್ಟು ಸಡಿಲಿಸಿ ತಿರುಗಿಸಬಹುದು. ಗೇರಿನ ಪೆಡಲು ನಿಮ್ಮ ಬೂಟಿನ ಎತ್ತರಕ್ಕೆ ಇರಲಿ. ಕನ್ನಡಿಯಲ್ಲಿ ನಿಮ್ಮ ಭುಜವಲ್ಲ, ಹಿಂದಿನ ರಸ್ತೆ ಕಾಣಲಿ. ಟೈರಿನ ಗಾಳಿಯನ್ನು ಗಾಡಿ ತಣ್ಣಗಿರುವಾಗ, ಗಾಡಿಯ ಮೇಲೆ ಅಂಟಿಸಿದ ಚೀಟಿಯಂತೆ ನೋಡಿ. ಹಿಂದೆ ಒಬ್ಬರು ಕೂರುವುದಾದರೆ ಹಿಂದಿನ ಟೈರಿಗೆ ಹೆಚ್ಚು ಬೇಕು. ಚೈನು ಕೈಪುಸ್ತಕದಲ್ಲಿ ಹೇಳಿದಷ್ಟೇ, ಸಾಮಾನ್ಯವಾಗಿ ಒಂದಂಗುಲದಷ್ಟು, ಆಡಬೇಕು. ಮಗ್ಗದ ಪಟ್ಟಿಯ ಬಿಗಿ ಬಲ್ಲ ಗಿರಣಿಯ ಬಂಧುಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅವರೇ ಹೋಟೆಲಿನ ಹುಡುಗರಿಗೆ ತೋರಿಸಿಕೊಡಲಿ. ಹೊಸ ಟೈರು ಮೊದಮೊದಲು ಜಾರುತ್ತದೆ, ತಿರುವಿನಲ್ಲಿ ನಿಧಾನ.

ಹೋಟೆಲಿನವರಿಗೆ ಇನ್ನೊಂದು ಮಾತು. ಅಡಿಗೆಮನೆಯ ಎಣ್ಣೆ ಹತ್ತಿದ ಚಪ್ಪಲಿ ಬ್ರೇಕಿನ ಪೆಡಲಿನಿಂದ ಜಾರುತ್ತದೆ. ಲುಂಗಿ ಚೈನಿಗೆ ಸಿಕ್ಕುತ್ತದೆ. ಒಂದು ಜೊತೆ ಬೂಟು, ಒಂದು ಪ್ಯಾಂಟು ಕೆಲಸದ ಜಾಗದಲ್ಲೇ ಇರಲಿ. ಹದಿನಾಲ್ಕು ಗಂಟೆ ನಿಂತು ದುಡಿದ ಮೇಲೆ ಕಣ್ಣು ಎಳೆಯುತ್ತಿದ್ದರೆ ಅಂದು ಅಟ್ಟದಲ್ಲೇ ಮಲಗಿ, ಅದು ಸೋಲಲ್ಲ.

ಆದರೆ ಹದಿನಾಲ್ಕು ಗಂಟೆ ದುಡಿಸಿದವರು ಯಾರು? ಕೆಲವು ಕಡೆ ಹುಡುಗನ ಸ್ವಂತ ಗಾಡಿಯಲ್ಲೇ ಪಾರ್ಸೆಲ್ ಕಳಿಸುವುದನ್ನು ನಾವು ಕಂಡಿದ್ದೇವೆ. ಪೆಟ್ರೋಲು ಅವನದು, ಟೈರು ಅವನದು, ಕಂತು ಅವನದು, ಲಾಭ ಧಣಿಯದು. ಸ್ವಂತ ಬಳಕೆಗೆಂದು ಮಾಡಿಸಿದ ವಿಮೆ ಇಂಥ ಕೆಲಸದಲ್ಲಿ ಬಿದ್ದರೆ ತಕರಾರಿಗೆ ಬರಬಹುದು. ಧಣಿಯ ಕೆಲಸಕ್ಕೆ ಗಾಡಿ ಬೇಕಿದ್ದರೆ ಧಣಿಯೇ ಗಾಡಿ ಕೊಡಲಿ, ಇಲ್ಲವೇ ಪೆಟ್ರೋಲಿನ ಮತ್ತು ವಿಮೆಯ ಖರ್ಚು ಭರಿಸಲಿ. ಇದನ್ನು ನಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಸೇರಿಸಬೇಕೆಂದು ಮುಂದಿನ ಸಭೆಯಲ್ಲಿ ನಾವು ಸೂಚಿಸಲಿದ್ದೇವೆ.

ಆ ಕುಂದಾಪುರದ ಹುಡುಗ ಈಗ ನಡೆಯುತ್ತಾನೆ. ಭಾರಿ ಗಾಡಿ ಮಾರಿದ, ಸಾಲದ ಬಾಕಿ ಇನ್ನೂ ಇದೆ. ಮೊನ್ನೆ ಕಲಿಯುವವರ ಲೈಸೆನ್ಸು ತೋರಿಸಿ, "ಈ ಸಲ ಗಾಡಿ ನೋಡಲಿಕ್ಕೆ ನೀವೂ ಬನ್ನಿ ಅಣ್ಣಾ" ಎಂದ. ಹೋಗುತ್ತೇವೆ. ಸಹಿ ಹಾಕುವ ಮೊದಲು ಅವನನ್ನು ಸೀಟಿನ ಮೇಲೆ ಕೂರಿಸಿ ಕಾಲು ನೋಡುತ್ತೇವೆ. ನಿಮ್ಮಲ್ಲಿ ಹಿರಿಯರಾದವರು ನಿಮ್ಮ ತಮ್ಮಂದಿರಿಗೆ ಇಷ್ಟಾದರೂ ಮಾಡಿರೆಂದು ನಮ್ಮ ಕಳಕಳಿಯ ವಿನಂತಿ.