ಸಕ್ಕರೆಗೆ ಬೆಲೆಯುಂಟು, ಕೈಗೆ?

ದಾವಣಗೆರೆಯಲ್ಲಿ ಬೆಣ್ಣೆದೋಸೆಯನ್ನು ಯಾರೂ ತೂಗಿ ಕೊಳ್ಳುವುದಿಲ್ಲ. ಹಿಟ್ಟೆಷ್ಟು, ಬೆಣ್ಣೆಯೆಷ್ಟು ಎಂದು ಲೆಕ್ಕ ಹಾಕಿ ಚೌಕಾಸಿಗೆ ಇಳಿಯುವವರೂ ಇಲ್ಲ. ಕಾವಲಿಯ ಮುಂದೆ ನಿಂತವರ ಕೈಹದವನ್ನೂ ಸೇರಿಸಿಯೇ ಬೆಲೆ ತೆರುತ್ತೇವೆ. ಆದರೆ ಕಾರ್ತಿಕ ಮಾಸದ ಗೌರಿ ಹುಣ್ಣಿಮೆ ಸಮೀಪಿಸಿ, ಇದೇ ಊರಿನ ಮತ್ತು ನೆರೆಯ ಹರಿಹರದ ಪೇಟೆಗಳಿಗೆ ಸಕ್ಕರೆ ಆರತಿ ಬಂದಾಗ ನಮ್ಮ ನಡವಳಿಕೆ ಬದಲಾಗುತ್ತದೆ. ಆನೆ, ನವಿಲು, ತೇರು, ಗೋಪುರ ಎಲ್ಲವೂ ಒಂದೇ ತಕ್ಕಡಿಗೆ ಏರುತ್ತವೆ. ಸೊಂಡಿಲು ಎತ್ತಿದ ಆನೆಗೂ ಮೂಲೆ ಮುರಿದ ಗೋಪುರಕ್ಕೂ ಕಿಲೋಗೆ ಒಂದೇ ದರ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ವ್ಯತ್ಯಾಸ ಕೇವಲ ರೂಢಿಯ ಮಾತಾಗಿ ಕಾಣುವುದಿಲ್ಲ. ಯಾವ ಶ್ರಮವನ್ನು ನಾವು ಕೌಶಲವೆಂದು ಒಪ್ಪುತ್ತೇವೆ, ಯಾವುದನ್ನು ಒಪ್ಪುವುದಿಲ್ಲ ಎಂಬ ಪ್ರಶ್ನೆ ಇದರಲ್ಲಿದೆ.

ಈ ಪ್ರಶ್ನೆ ಸ್ಪಷ್ಟವಾದುದು ಬೇರೊಂದು ಸಕ್ಕರೆ ಕೆಲಸಕ್ಕೆ ಕೈ ಹಾಕಿದಾಗ. ನಮ್ಮ ಬಡಾವಣೆಯ ಗೃಹಿಣಿಯೊಬ್ಬರು ಮನೆಯಲ್ಲಿಯೇ ಕೇಕು, ಬಿಸ್ಕತ್ತು ತಯಾರಿಸಿ ಮಾರುತ್ತಾರೆ; ದಸರೆಯ ರಜೆಯಲ್ಲಿ ಮಕ್ಕಳಿಗೆ ಬಿಸ್ಕತ್ತಿನ ಮೇಲೆ ರಾಯಲ್ ಐಸಿಂಗ್‌ನ ಅಲಂಕಾರವನ್ನೂ ಕಲಿಸುತ್ತಾರೆ. ಮೊಮ್ಮಗಳ ಒತ್ತಾಯಕ್ಕೆ ಮಣಿದು ಒಂದು ಮಧ್ಯಾಹ್ನ ನಾನೂ ಆ ತರಗತಿಯಲ್ಲಿ ಕುಳಿತೆ. ಕಡತಗಳಿಗೆ ಸಹಿ ಹಾಕುವುದರಲ್ಲೇ ಮೂರು ದಶಕ ಕಳೆದ ಕೈ ಮೊದಲ ಬಾರಿಗೆ ಐಸಿಂಗ್ ತುಂಬಿದ ಕೋನ್ ಹಿಡಿಯಿತು.

ಪದಾರ್ಥಗಳು ಬೆರಳೆಣಿಕೆಯಷ್ಟು: ನುಣ್ಣಗೆ ಪುಡಿ ಮಾಡಿದ ಸಕ್ಕರೆ, ಮೊಟ್ಟೆಯ ಬಿಳಿ, ಕೆಲವು ಹನಿ ನಿಂಬೆರಸ. ಈ ಐಸಿಂಗ್‌ನ ಹೆಸರನ್ನು 1840ರಲ್ಲಿ ನಡೆದ ವಿಕ್ಟೋರಿಯಾ ರಾಣಿಯ ವಿವಾಹದ ಕೇಕಿನೊಂದಿಗೆ ಜೋಡಿಸಿ ಹೇಳುವುದುಂಟು. ಹಸಿ ಮೊಟ್ಟೆಯಿಂದ ಸಾಲ್ಮೊನೆಲ್ಲಾ ಸೋಂಕಿನ ಭಯವಿರುವುದರಿಂದ ಈಗ ಬಹುಮಂದಿ ಮೊಟ್ಟೆಯ ಬಿಳಿಯನ್ನು ಒಣಗಿಸಿ ಮಾಡಿದ ಮೆರಿಂಗ್ ಪುಡಿ ಬಳಸುತ್ತಾರೆ. ಮೊಟ್ಟೆ ಒಲ್ಲದ ಮನೆಗಳಿಗಾಗಿ ಈ ಗೃಹಿಣಿ ಕಂಡುಕೊಂಡ ದಾರಿ ಇನ್ನೂ ಸ್ವಾರಸ್ಯಕರ. ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಮಂದವಾಗುವಷ್ಟು ಕಾಯಿಸಿ, ಆರಿಸಿ, ಕಡೆದರೆ ಅದೂ ಮೊಟ್ಟೆಯ ಬಿಳಿಯಂತೆಯೇ ನೊರೆಗಟ್ಟುತ್ತದೆ.

ಕಷ್ಟವಿರುವುದು ಹದದಲ್ಲಿ. ಅಂಚಿನ ಗೆರೆಗೆ ಗಟ್ಟಿ ಹದ ಬೇಕು. ಒಳಗೆ ತುಂಬಲು ತೆಳು ಹದ. ಚಮಚದಿಂದ ಇಳಿಬಿಟ್ಟ ಎಳೆ ಹತ್ತು-ಹದಿನೈದು ಸೆಕೆಂಡಿನಲ್ಲಿ ಮೇಲ್ಮೈಯೊಳಗೆ ಕರಗಿ ಸಮವಾದರೆ ತುಂಬುವ ಹದ ಬಂದಿದೆಯೆಂದು ಅರ್ಥ. ಬಿಸ್ಕತ್ತು ಪೂರ್ತಿ ಆರಿರಬೇಕು. ಮೇಲೆದ್ದ ಗುಳ್ಳೆಗಳನ್ನು ಸೂಜಿಯ ಮೊನೆಯಿಂದ ಒಡೆಯಬೇಕು. ಒಂದು ಬಣ್ಣ ಒಣಗುವ ಮೊದಲೇ ಪಕ್ಕದ ಬಣ್ಣ ಹಾಕಿದರೆ ಎರಡೂ ಬೆರೆತುಹೋಗುತ್ತವೆ. ಗಟ್ಟಿಯಾಗಿ ಒಣಗಲು ಆರೆಂಟು ಗಂಟೆ ಬೇಕು. ಮೋಡ ಕವಿದ ದಿನ ಇನ್ನೂ ಹೆಚ್ಚು. ಎರಡು ಡಜನ್ ಬಿಸ್ಕತ್ತು ಮುಗಿಸಲು ನಮ್ಮ ಗುಂಪಿಗೆ ಸಂಜೆಯವರೆಗೂ ಹಿಡಿಯಿತು. ಮೆಹಂದಿ ಹಾಕಿ ಪಳಗಿದ ಹೆಣ್ಣುಮಕ್ಕಳು ಮಾತ್ರ ಸಲೀಸಾಗಿ ಗೆರೆ ಎಳೆದರು. ರಂಗೋಲಿ, ಮೆಹಂದಿ, ಐಸಿಂಗ್ ಮೂರಕ್ಕೂ ಬೇಕಾದುದು ಬೆರಳಿನ ಒಂದೇ ಹಿಡಿತ.

ಪಾಶ್ಚಾತ್ಯ ದೇಶಗಳಲ್ಲಿ ಶರತ್ಕಾಲದ ಬಿಸ್ಕತ್ತೆಂದರೆ ಕೆಂಪಡರಿದ ಮೇಪಲ್ ಎಲೆ ಮತ್ತು ಕುಂಬಳಕಾಯಿ. ಪೇಟೆಯಲ್ಲಿ ಸಿಗುವ ಅಚ್ಚುಗಳೂ ಹೆಚ್ಚಾಗಿ ಅವೇ. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ಆಶ್ವಯುಜ, ಕಾರ್ತಿಕಗಳ ಶರದೃತುವಿನಲ್ಲಿ ಹೊಲಗಳಲ್ಲಿ ಫಸಲು ತುಂಬಿರುತ್ತದೆ. ಸೀಗೆ ಹುಣ್ಣಿಮೆಯಂದು ರೈತರು ಭೂಮಿತಾಯಿಗೆ ಚರಗ ಚೆಲ್ಲುವುದೂ ಈ ಋತುವಿನಲ್ಲೇ. ಆ ಗೃಹಿಣಿ ಮಕ್ಕಳಿಂದ ಮೆಕ್ಕೆಜೋಳದ ತೆನೆ, ಚೆಂಡುಹೂ, ಹಣತೆ ಬಿಡಿಸಿದ್ದು ನನಗೆ ಮೆಚ್ಚುಗೆಯಾಯಿತು. ಕಲೆಯನ್ನು ಹೊರಗಿನಿಂದ ತಂದರೂ ಋತುವನ್ನು ತರಬೇಕಾಗಿಲ್ಲ.

ಕೆಲವು ವಾರಗಳ ನಂತರ ಹರಿಹರದಲ್ಲಿ ಸಕ್ಕರೆ ಆರತಿ ಮಾಡುವ ಒಂದು ಕುಟುಂಬದ ಕೆಲಸ ನೋಡಲು ಹೋದೆ. ಸಕ್ಕರೆ ಪಾಕಕ್ಕೆ ಹಾಲು ಹಾಕಿ ಕುದಿಸಿದಾಗ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಸೋಸುತ್ತಾರೆ. ಪಾಕವನ್ನು ತಿರುವಿ, ಅದು ಮಬ್ಬಾಗಿ ಹರಳುಗಟ್ಟತೊಡಗುವ ಕ್ಷಣದಲ್ಲಿ, ನೀರಿನಲ್ಲಿ ನೆನೆಸಿ ಜೋಡಿಸಿ ಕಟ್ಟಿದ ಮರದ ಅಚ್ಚುಗಳಿಗೆ ಸುರಿಯುತ್ತಾರೆ. ಒಂದು ನಿಮಿಷ ಮುಂಚೆ ಸುರಿದರೆ ಗೊಂಬೆ ನಿಲ್ಲದು. ತಡವಾದರೆ ಪಾಕ ಬಾಣಲೆಯಲ್ಲೇ ಕಲ್ಲಾಗುತ್ತದೆ. ಐಸಿಂಗ್ ಗಟ್ಟಿಯಾಗುವುದು ನೀರು ಆರಿದಾಗ, ಆರತಿ ಗಟ್ಟಿಯಾಗುವುದು ಬಿಸಿಪಾಕ ತಣಿದಾಗ. ಇವೆರಡೂ ಸಕ್ಕರೆಯ ಹರಳನ್ನು ಅಂಕೆಯಲ್ಲಿಡುವ ವಿದ್ಯೆಗಳೇ. ಆ ಮನೆಯ ಹಿರಿಯಾಕೆ ಯಾವ ಉಷ್ಣಮಾಪಕವೂ ಇಲ್ಲದೆ, ಸೌಟಿನಿಂದ ಇಳಿಯುವ ಪಾಕವನ್ನು ನೋಡಿಯೇ ಆ ಕ್ಷಣವನ್ನು ಗುರುತಿಸುತ್ತಿದ್ದರು. ಅತ್ತೆಯಿಂದ ಬಂದ ಅಚ್ಚುಗಳನ್ನು ಮುಂದೆ ಯಾರು ಬಳಸುವರೆಂದು ಕೇಳಿದೆ. ‘ಹುಣ್ಣಿಮಿ ಮುಗಿದ ಮ್ಯಾಲೆ ಇದನ್ನ ಯಾರು ಕೇಳ್ತಾರ್ರೀ?’ ಎಂದರು.

ಆ ವರ್ಷ ನಾನು ಕೊಂಡ ಆರತಿಯ ದರ ಅಂಗಡಿಯ ಸಕ್ಕರೆಯ ದರದ ಮೂರು ಪಟ್ಟನ್ನೂ ಮುಟ್ಟಿರಲಿಲ್ಲ. ಸೌದೆ ಅಥವಾ ಗ್ಯಾಸು, ಹಾಲು, ಬಣ್ಣ, ಸಾಗಣೆ, ಮುರಿದುಹೋದ ಗೊಂಬೆಗಳ ನಷ್ಟ ಇವನ್ನೆಲ್ಲ ಕಳೆದರೆ ಇಡೀ ಮನೆಯವರ ದುಡಿಮೆಗೆ ಉಳಿಯುವುದೆಷ್ಟು? ಅಲಂಕರಿಸಿದ ಬಿಸ್ಕತ್ತು ಮಾತ್ರ ಬಿಡಿಬಿಡಿಯಾಗಿ ಮಾರಾಟವಾಗುತ್ತದೆ. ಅದರ ಬೆಲೆಯಲ್ಲಿ ಸಕ್ಕರೆಯ ಪಾಲು ಅತ್ಯಲ್ಪ, ಉಳಿದುದು ಕೈಯ ಪಾಲು. ಹಾಗೆಂದು ಮನೆಯಲ್ಲಿ ಬೇಯಿಸಿ ಮಾರುವವರು ಸುಖಿಗಳೆಂದು ತಿಳಿಯಬೇಕಾಗಿಲ್ಲ. ‘ಬೇಕರಿಯಲ್ಲಿ ಇಷ್ಟಕ್ಕೆ ಒಂದು ಪೊಟ್ಟಣವೇ ಬರುತ್ತದಲ್ಲ’ ಎಂಬ ಮಾತನ್ನು ಅವರು ದಿನವೂ ಕೇಳುತ್ತಾರೆ. ತಮ್ಮ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯದೆ ಬೆಲೆ ಹೇಳುವ ಅಭ್ಯಾಸ ಅವರಲ್ಲಿಯೂ ಇದೆ. ಮನೆಯ ಹೆಂಗಸಿನ ಸಮಯಕ್ಕೆ ಬೆಲೆಯಿಲ್ಲವೆಂಬ ಹಳೆಯ ನಂಬಿಕೆ ಹೀಗೆ ಹೊಸ ವ್ಯಾಪಾರದಲ್ಲಿಯೂ ಮುಂದುವರಿದಿದೆ.

ಹರಿಹರ ಕುಶಲ ಕೈಗಳ ಬೆಲೆ ತಿಳಿಯದ ಊರಲ್ಲ. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದಾದ್ಯಂತ ಹೋದವು. ಕಾರ್ಖಾನೆಯ ಲೋಕದಲ್ಲಿ ಕುಶಲ, ಅರೆಕುಶಲ, ಅಕುಶಲ ಎಂಬ ವರ್ಗೀಕರಣವಿದೆ. ಕನಿಷ್ಠ ವೇತನದ ಅಧಿಸೂಚನೆಗಳೂ ಆ ಭಾಷೆಯನ್ನೇ ಆಡುತ್ತವೆ. ಆ ಕಾರ್ಖಾನೆ ಮುಚ್ಚಿತು, ದಾವಣಗೆರೆಯ ಹತ್ತಿ ಗಿರಣಿಗಳ ಕಾಲವೂ ಮುಗಿಯಿತು. ಈಗ ಈ ಅವಳಿ ಊರುಗಳ ಎಷ್ಟೋ ಮನೆಗಳಲ್ಲಿ ದುಡಿಮೆ ಅಡುಗೆಮನೆಗೆ ಬಂದಿದೆ. ಅಲ್ಲಿ ಹದಿನೈದು ವರ್ಷ ಪಾಕದ ಹದ ಕಲಿತವರು ಯಾವ ವರ್ಗಕ್ಕೆ ಸೇರುತ್ತಾರೆ ಎಂದು ಕೇಳುವವರಿಲ್ಲ.

ಸರ್ಕಾರ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆ 18 ಕಸುಬುಗಳನ್ನು ಗುರುತಿಸಿತು. ಸಲಕರಣೆಗೆ 15 ಸಾವಿರ ರೂಪಾಯಿ ನೆರವು, ಮೊದಲು 1 ಲಕ್ಷ ಮತ್ತು ಅನಂತರ 2 ಲಕ್ಷ ರೂಪಾಯಿ ಆಧಾರರಹಿತ ಸಾಲ ಅದರ ಅಂಗಗಳು. ಹೂಮಾಲೆ ಕಟ್ಟುವವರು, ಗೊಂಬೆ-ಆಟಿಕೆ ಮಾಡುವವರು ಆ ಪಟ್ಟಿಯಲ್ಲಿದ್ದಾರೆ. ಸಕ್ಕರೆ ಗೊಂಬೆ ಮಾಡುವವರನ್ನು ಅದು ಪ್ರತ್ಯೇಕವಾಗಿ ಹೆಸರಿಸಲಿಲ್ಲ. ತಿನ್ನಬಹುದಾದ ಗೊಂಬೆಯೂ ಗೊಂಬೆಯೇ ಎಂದು ಒಂದು ಸುತ್ತೋಲೆ ಹೊರಡಿಸಲು ಖಜಾನೆಗೆ ಭಾರವೇನಿಲ್ಲ.

ಎರಡನೆಯದು ತರಬೇತಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಮುಂದೆ ಜಿಲ್ಲೆಗಳಲ್ಲಿ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು ಹುಟ್ಟಿಕೊಂಡವು. ಅಂಥಲ್ಲಿ ಐಸಿಂಗ್ ಬಲ್ಲ ಯುವತಿಯರನ್ನೂ ಆರತಿ ಬಲ್ಲ ಹಿರಿಯರನ್ನೂ ಒಂದೇ ಮೇಜಿಗೆ ಕೂರಿಸಬೇಕು. ಒಬ್ಬರಿಗೆ ವರ್ಷವಿಡೀ ಗಿರಾಕಿಗಳಿದ್ದಾರೆ, ಇನ್ನೊಬ್ಬರಿಗೆ ತಲೆಮಾರುಗಳ ಅಚ್ಚು ಮತ್ತು ಅನುಭವವಿದೆ. ಮದುವೆ, ನಾಮಕರಣ, ಸಂಕ್ರಾಂತಿಗಳಿಗೂ ಸಕ್ಕರೆ ಗೊಂಬೆ ಹೋಗುವಂತಾದರೆ ಹಿರಿಯಾಕೆಯ ಅಚ್ಚುಗಳು ಅಟ್ಟ ಸೇರಬೇಕಾಗಿಲ್ಲ.

ಮೂರನೆಯದು ವಿಶ್ವಾಸ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಬಳಕೆಯನ್ನೂ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನೂ ನಿಷೇಧಿಸಿದ ಮೇಲೆ ಜನ ಬಣ್ಣದ ತಿನಿಸನ್ನು ಅನುಮಾನದಿಂದ ನೋಡುತ್ತಾರೆ. ಆ ಎಚ್ಚರ ಸರಿಯಾದದ್ದೇ. ಆದರೆ ಒಳ್ಳೆಯ ಬಣ್ಣ ಬಳಸುವ ಸಣ್ಣ ತಯಾರಕರಿಗೆ ಅದನ್ನು ತೋರಿಸಿಕೊಡುವ ದಾರಿಯೂ ಇರಬೇಕು. ಹಬ್ಬಕ್ಕೆ ಒಂದು ತಿಂಗಳು ಮುಂಚೆ ಅಧಿಕಾರಿಗಳು ದಂಡದ ಪುಸ್ತಕ ಬದಿಗಿಟ್ಟು, ಆಹಾರ ಸುರಕ್ಷತಾ ನೋಂದಣಿಯ ಅರ್ಜಿ ಮತ್ತು ಅನುಮತಿಸಿದ ಬಣ್ಣಗಳ ಪಟ್ಟಿ ಹಿಡಿದು ಆ ಓಣಿಗಳಿಗೆ ಹೋಗಲಿ.

ಕೊಳ್ಳುವವರಾದ ನಮ್ಮ ಪಾಲೂ ಇದೆ. ನಿಶ್ಚಯವಾದ ಹುಡುಗಿಗೆ ಬೀಗರ ಮನೆಯಿಂದ ಸೀರೆಯೊಂದಿಗೆ ಸಕ್ಕರೆ ಆರತಿ ಹೋಗುವ ಪದ್ಧತಿ ನಮ್ಮ ಭಾಗದಲ್ಲಿ ಇನ್ನೂ ಉಳಿದಿದೆ. ಸೀರೆಯ ಅಂಗಡಿಯಲ್ಲಿ ನೂಲಿನ ತೂಕ ಕೇಳದವರು ಆರತಿಯ ಅಂಗಡಿಯಲ್ಲೇಕೆ ಸಕ್ಕರೆಯ ತೂಕ ಕೇಳಬೇಕು? ಬರುವ ಹುಣ್ಣಿಮೆಗೆ ಮಾರುವವರು ಆನೆಗೊಂದು, ನವಿಲಿಗೊಂದು ಬೆಲೆ ಹೇಳಲಿ. ಕೊಳ್ಳುವವರು ಆ ಬೆಲೆಯನ್ನು ಗೌರವಿಸಲಿ.